ಉಳಿದ ಅರ್ಧ ಮೂತ್ರಕೋಶದವರಿಗೆ, ಕಮಲಾಪುರದವರೆಗಿನ ಮನವಿ

ಇವರಿಂದ: ಮೈಬೂಬಸಾಬ, ಅರ್ಜಿ ಬರಹಗಾರ, ವಯಸ್ಸು ಐವತ್ತೇಳು. ಮನೆ ಕಲಬುರಗಿಯ ಜಗತ್ ಸರ್ಕಲ್ ಹಿಂದಿನ ಗಲ್ಲಿ. ಮೇಜು ಕಮಲಾಪುರದ ಒಂದು ಸರ್ಕಾರಿ ಕಚೇರಿಯ ಎದುರು, ಬೇವಿನ ಮರದ ಕೆಳಗೆ. (ಯಾವ ಕಚೇರಿ ಎಂದು ಬರೆಯಲಾರೆ, ನಾಳೆಯೂ ಅದರ ಎದುರೇ ಕೂರಬೇಕಾಗಿದೆ.)

ಇವರಿಗೆ: ಮಾನ್ಯ ಮೂತ್ರಕೋಶದವರು, ಉಳಿದಿರುವ ಭಾಗ, ಕಿಬ್ಬೊಟ್ಟೆ, ಸದರಿ ಅರ್ಜಿದಾರನ ಒಳಗೆ.

ವಿಷಯ: ದಿನಂಪ್ರತಿ ಒಂದು ಗಂಟೆ ಹತ್ತು ನಿಮಿಷ ತಡೆದುಕೊಳ್ಳುವ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮಗೆ ನನ್ನ ಆದಾಬುಗಳು ಹಾಗೂ ನಮಸ್ಕಾರಗಳು. ತಾವು ಅಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬುವ ಮಾತೇನು ಬಂತು, ತಮ್ಮ ಇರವನ್ನು ದಿನಕ್ಕೆ ಹದಿನೈದು ಸಲ ತಾವೇ ಖುದ್ದಾಗಿ ತಿಳಿಸುತ್ತಿರುವುದರಿಂದ ಆ ಬಗ್ಗೆ ನನಗೆ ಯಾವ ಸಂಶಯವೂ ಉಳಿದಿಲ್ಲ. ಪಹಣಿಯಲ್ಲಿ ಹೆಸರು ತಪ್ಪಾದವರು, ಪಿಂಚಣಿ ನಿಂತವರು, ರೇಷನ್ ಕಾರ್ಡಿನಲ್ಲಿ ಸತ್ತುಹೋದ ಜೀವಂತರು, ಇಂಥವರ ದುಃಖವನ್ನೆಲ್ಲ ಮೂವತ್ತೊಂದು ವರ್ಷಗಳಿಂದ ಒಂದೂವರೆ ಪುಟದಲ್ಲಿ ಬರೆದು ಮುಗಿಸುತ್ತ ಬಂದಿರುವ ನಾನು, ನನ್ನ ಸ್ವಂತಕ್ಕೆಂದು ಬರೆಯುತ್ತಿರುವ ಮೊದಲ ಅರ್ಜಿ ಇದು. ತಾವಿರುವ ಜಾಗಕ್ಕೆ ಟಪಾಲು ಹೋಗುವುದಿಲ್ಲವಾದ್ದರಿಂದ ಬಹಿರಂಗವಾಗಿ ಬರೆಯಬೇಕಾಗಿದೆ, ಕ್ಷಮೆಯಿರಲಿ. ಅಕ್ಷರ ಅಲ್ಲಲ್ಲಿ ಸೊಟ್ಟಗಿದ್ದರೆ ಅದಕ್ಕೆ ಕಾರಣ ಬೆರಳುಗಳ ಜೋಮು, ಅದರ ಕಾರಣ ಮುಂದೆ ಬರುತ್ತದೆ.

ಅರ್ಜಿಯ ಪದ್ಧತಿಯಂತೆ ಮೊದಲು ತಮ್ಮ ಸೇವೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು. ಐವತ್ತಾರು ವರ್ಷ ತಾವು ಒಂದು ದಿನವೂ ರಜೆ ಹಾಕಲಿಲ್ಲ. ಸಾಹೇಬರು ಕಚೇರಿಗೆ ಬರುವವರೆಗೆ, ಬಂದ ಸಾಹೇಬರು ಊಟ ಮುಗಿಸುವವರೆಗೆ, ಊಟವಾದ ಮೇಲೆ ಸರ್ವರ್ ಸರಿಯಾಗುವವರೆಗೆ ನನ್ನೊಡನೆ ತಾಳ್ಮೆಯಿಂದ ಕಾದಿರಿ. ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಹೋಗಿಬರುವ ಬಸ್ಸಿನಲ್ಲಿ ತಾವೂ ನನ್ನೊಡನೆ ಇದ್ದಿರಿ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಒಳ್ಳೆಯ ಗುಮಾಸ್ತರು ಹೀಗೆಯೇ ಇರುತ್ತಾರೆ, ಅವರು ನಿವೃತ್ತರಾದ ಮೇಲೆಯೇ ಅವರ ಹೆಸರು ಗೊತ್ತಾಗುವುದು.

ಈಗ ದೂರಿನ ವಿಚಾರಕ್ಕೆ ಬರುತ್ತೇನೆ. ಹೋದ ವರ್ಷದ ಏಪ್ರಿಲ್‌ನಲ್ಲಿ ಮೂತ್ರ ಕೆಂಪಗೆ ಹೋಯಿತು. ನೋವಿಲ್ಲ, ಉರಿಯಿಲ್ಲ, ಒಂದು ದಿನ ಕೆಂಪು, ನಾಲ್ಕು ದಿನ ಮಾಮೂಲು. ನಮ್ಮ ಕಲಬುರಗಿಯಲ್ಲಿ ಬೇಸಿಗೆಗೆ ಮನುಷ್ಯನಿಗೆ ಬರುವುದು ಒಂದೇ ಕಾಯಿಲೆ, ಅದು ಉಷ್ಣ. ತಲೆನೋವು ಬಂದರೂ ಉಷ್ಣ, ಕಣ್ಣು ಉರಿದರೂ ಉಷ್ಣ, ಅಳಿಯ ಉಣ್ಣದೆ ಎದ್ದುಹೋದರೂ ಉಷ್ಣ. ಹಾಗಾಗಿ ನಾನು ನೆಹರು ಗಂಜಿನ ಪೇಟೆಗೆ ಹೋಗಿ ತಂಪಿಗೆಂದು ಅರ್ಧ ಕಿಲೋ ಸಬ್ಜಾ ಬೀಜ ತಂದು, ದಿನಾ ನೀರಿನಲ್ಲಿ ನೆನೆಹಾಕಿ, ಅವು ಉಬ್ಬಿ ಒಂದೊಂದರ ಸುತ್ತಲೂ ಲೋಳೆ ಕಟ್ಟಿದ ಮೇಲೆ ಸಕ್ಕರೆ ಬೆರೆಸಿ ಕುಡಿಯತೊಡಗಿದೆ. ಎರಡು ವಾರದಲ್ಲಿ ತಮ್ಮ ಕಡೆಯಿಂದ ಮೂತ್ರದ ಜೊತೆಗೆ ತೆಳ್ಳನೆಯ ಲೋಳೆಯೂ ಬರತೊಡಗಿತು. ನನಗಾದ ಸಂತೋಷವನ್ನು ಏನೆಂದು ಬರೆಯಲಿ! ಕುಡಿದ ಸಬ್ಜಾದ ಲೋಳೆ ಒಳಗಿನ ಉಷ್ಣವನ್ನು ಹಿಡಿದು ಕೈಕೋಳ ಹಾಕಿ ಹೊರಗೆ ಕರೆತರುತ್ತಿದೆ ಎಂದು ತೀರ್ಮಾನಿಸಿ, ಒಂದು ಲೋಟವನ್ನು ಎರಡು ಮಾಡಿದೆ. ಬಸ್ಸಿನಲ್ಲಿ ಪಕ್ಕ ಕೂತ ಮೂವರಿಗೆ ಇದನ್ನೇ ಶಿಫಾರಸು ಮಾಡಿದೆ. ತಾವು ತುರ್ತು ಪತ್ರ ಬರೆಯುತ್ತಿದ್ದಿರಿ, ನಾನು ಅದನ್ನು ಅಭಿನಂದನಾ ಪತ್ರವೆಂದು ಓದಿಕೊಂಡೆ.

ಮಳೆಗಾಲ ಬಂದರೂ ಕೆಂಪು ನಿಲ್ಲದಿದ್ದಾಗ ನನ್ನ ಹೆಂಡತಿ ಮೆಹರುನ್ನಿಸಾ, ಮಳೆಯಲ್ಲೂ ಇರುವುದು ಎಂಥ ಉಷ್ಣ ಎಂದು ಕೇಳಿ, ಗಲ್ಲಿಯ ಡಾಕ್ಟರರ ಬಳಿ ಕಳಿಸಿದಳು. ಅವರು ನೋವಿದೆಯೇ ಎಂದು ಕೇಳಿದರು, ಇಲ್ಲವೆಂದೆ. ಜ್ವರ ಕೇಳಿದರು, ಉರಿ ಕೇಳಿದರು, ಅದೂ ಇಲ್ಲವೆಂದೆ. ಲೋಳೆಯ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ. ಕೇಳದ್ದನ್ನು ಬರೆಯಬಾರದು ಎಂಬುದು ನನ್ನ ವೃತ್ತಿಯ ಮೊದಲ ಪಾಠ. ನಮೂನೆಯಲ್ಲಿ ಕಾಲಂ ಇಲ್ಲದ ಸಂಗತಿಗೆ ಬಾಯಿ ತೆರೆಯಬಾರದು ಎಂದು ನಾನೇ ಸಾವಿರ ಜನರಿಗೆ ಬುದ್ಧಿ ಹೇಳಿದ್ದೇನೆ.

ಅದಕ್ಕೊಂದು ಉದಾಹರಣೆ ಕೊಡಬೇಕು, ಏಕೆಂದರೆ ಅದು ಕೊನೆಗೆ ನನ್ನ ಕುತ್ತಿಗೆಗೇ ಬಂದಿದೆ. ನನ್ನ ಮೇಜಿನ ಎದುರು ರಸ್ತೆಯಂಚಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಹೆಂಗಸರು ಕೂರುತ್ತಾರೆ, ಅವರಲ್ಲಿ ಹಿರಿಯಳು ಮಲ್ಕಮ್ಮ. ಏಳು ವರ್ಷದ ಹಿಂದೆ ಆಕೆ ಬಂದು, ತಮಗೆ ಹತ್ತಿರದಲ್ಲೊಂದು ಶೌಚಾಲಯ ಬೇಕೆಂದು ಅರ್ಜಿ ಬರೆಸಿದಳು. ಏನು ಬರೆಯಲಿ ಎಂದು ಕೇಳಿದೆ.

"ಮುಂಜಾನಿಂದ ಸಂಜಿಮಟ ಒಂದು ಗುಟುಕು ನೀರ ಕುಡಿಯಂಗಿಲ್ಲರಿ ನಾವು. ಹಿಡಕೊಂಡು ಕುಂತು ಕುಂತು ಹೊಟ್ಟಿ ಕಲ್ಲ ಆಗ್ಯದ. ಹಿಂಗೇ ಬರೀರಿ, ಸಾಬ್ರ," ಎಂದಳು.

ನಾನು ಹಾಗೆ ಬರೆಯಲಿಲ್ಲ. ಹೊಟ್ಟೆ ಕಲ್ಲಾಗುವುದನ್ನು ವಿಚಾರಿಸಲು ಯಾವ ಶಾಖೆಯೂ ಇಲ್ಲವೆಂದು ಅವಳಿಗೆ ತಿಳಿಸಿ, ಆ ಸಾಲನ್ನು ಹೊಡೆದುಹಾಕಿ, 'ಮಹಿಳಾ ವ್ಯಾಪಾರಸ್ಥರಿಗೆ ಮೂಲಭೂತ ಸೌಕರ್ಯದ ಕೊರತೆಯಿಂದ ಅನಾನುಕೂಲ ಉಂಟಾಗುತ್ತಿದ್ದು, ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ' ಎಂದು ಬರೆದೆ. ಬಹಳ ಚೆಂದದ ಸಾಲು. ಪರಿಶೀಲನೆಯಲ್ಲಿದೆ ಎಂಬ ಷರಾ ಹೊತ್ತು ಅದು ಏಳು ವರ್ಷ ಮಲಗಿತು, ಪ್ರತಿವರ್ಷ ನಾನು ಅದರ ಮೇಲೊಂದು ಜ್ಞಾಪನ ಪತ್ರ ಹೊದಿಸುತ್ತ ಬಂದೆ.

ಡಿಸೆಂಬರ್‌ನಲ್ಲಿ ಒಂದು ದಿನ ಮೂತ್ರದಲ್ಲಿ ರಕ್ತದ ಗಡ್ಡೆಯೇ ಬಿತ್ತು. ಮೆಹರುನ್ನಿಸಾ ನನ್ನ ಮಾತು ಕೇಳದೆ ಆಟೋ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಡಾಕ್ಟರ್ ಸುಷ್ಮಿತಾ ಎಂಬವರು, ನಮ್ಮ ಮಗಳು ಮದಿಹಾಳಿಗಿಂತ ಆರೇಳು ವರ್ಷ ದೊಡ್ಡವರಿರಬೇಕು, ಕೇಳುವುದನ್ನೆಲ್ಲ ಕೇಳಿ ಬರೆದುಕೊಂಡು, ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ನಾ ಕೇಳಲಾರದ್ದು ಏನರ ಉಳದದೇನ್ರಿ ಚಾಚಾ, ಹೇಳೂದು?"

ಮೂವತ್ತೊಂದು ವರ್ಷಗಳಲ್ಲಿ ಯಾವ ಮೇಜಿನ ಆಚೆಯಿಂದಲೂ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಗಾಬರಿಯಾಗಿ ಎಲ್ಲವನ್ನೂ ಹೇಳಿಬಿಟ್ಟೆ, ಸಬ್ಜಾದ ಯಶಸ್ಸನ್ನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಅವರು ನಗಲಿಲ್ಲ.

"ಸಬ್ಜಾ ಕುಡದ್ರ ಆ ದಾರೀಲೆ ಹೊರಗ ಬರಂಗಿಲ್ಲರಿ, ಚಾಚಾ," ಎಂದಷ್ಟೇ ಹೇಳಿ, ಮರುದಿನವೇ ಮೂತ್ರದ ದಾರಿಯೊಳಗೆ ದುರ್ಬೀನು ಹಾಕಿ ನೋಡಲು ಬರೆದುಕೊಟ್ಟರು.

ದುರ್ಬೀನು ಹೇಳಿದ್ದನ್ನು, ಪರೀಕ್ಷೆಗೆ ಕಳಿಸಿದ ತುಣುಕು ಖಚಿತಪಡಿಸಿದ್ದನ್ನು ಸುಷ್ಮಿತಾ ಅವರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿದರು. ತಾಯಿಯ ಹೊಟ್ಟೆಯಲ್ಲಿದ್ದಾಗ ಹೊಕ್ಕುಳಿನಿಂದ ತಮ್ಮ ನೆತ್ತಿಯವರೆಗೆ ಒಂದು ಸಣ್ಣ ನಾಳವಿರುತ್ತದಂತೆ. ಹುಟ್ಟುವ ಹೊತ್ತಿಗೆ ಅದರ ಕೆಲಸ ಮುಗಿದು, ಮುಚ್ಚಿಹೋಗಿ, ಒಂದು ಹುರಿಯಾಗಿ ಉಳಿಯುತ್ತದಂತೆ. ಲಕ್ಷಾಂತರ ಜನರಲ್ಲಿ ಯಾರೋ ಒಬ್ಬರಿಗೆ ಆ ಹುರಿಯಲ್ಲಿ ಕ್ಯಾನ್ಸರ್ ಹುಟ್ಟುತ್ತದಂತೆ, ಲೋಳೆ ಬರುವುದೂ ಅದರಿಂದಲೇ ಅಂತೆ. ಅಂದರೆ ಐವತ್ತಾರು ವರ್ಷದ ಹಿಂದೆ ವಿಲೇವಾರಿಯಾಗಿ ಮುಕ್ತಾಯಗೊಂಡ ಕಡತವನ್ನು ತಮ್ಮ ಕಚೇರಿಯ ಮೇಲಂತಸ್ತಿನಲ್ಲಿ ಯಾರೋ ಅರ್ಜಿಯಿಲ್ಲದೆ, ನೋಟೀಸಿಲ್ಲದೆ ಮರಳಿ ತೆರೆದಿದ್ದರು. ಇಡೀ ಜಿಲ್ಲೆಯಲ್ಲಿ ಒಂದು ಹಳೇ ಕಡತ ತೆಗೆಸಲು ನಾನು ಚಪ್ಪಲಿ ಸವೆಸುತ್ತಿರುವಾಗ, ತಮ್ಮಲ್ಲಿ ಮಾತ್ರ ಇಷ್ಟು ಚುರುಕಾಗಿ ಕೆಲಸ ನಡೆಯುತ್ತದೆಂದು ತಿಳಿದು ಅಭಿಮಾನವೆನಿಸಿತು. ನನಗೆ ಹೆದರಿಕೆಯೂ ಆಯಿತು. ಹೆದರಿಕೆಯಾಯಿತೆಂದು ಅರ್ಜಿಯಲ್ಲಿ ಬರೆಯುವ ಪದ್ಧತಿಯಿಲ್ಲ, ಆದರೂ ಇಲ್ಲಿ ಬರೆಯುತ್ತಿದ್ದೇನೆ. ಮದಿಹಾಳ ಮದುವೆ ನೋಡುತ್ತೇನೋ ಇಲ್ಲವೋ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ಮೆಹರುನ್ನಿಸಾ ನೋಡದವಳಂತೆ ನಟಿಸಿದಳು.

ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತಮ್ಮ ಮೇಲ್ಭಾಗವನ್ನೂ ಆ ಹುರಿಯನ್ನೂ ಹುರಿಯ ಇನ್ನೊಂದು ತುದಿಯಾದ ಹೊಕ್ಕುಳನ್ನೂ ಒಂದೇ ತುಂಡಾಗಿ ತೆಗೆದರು. ಹೊಕ್ಕುಳಿನ ವಿಚಾರದಲ್ಲಿ ನನಗೆ ಈಗಲೂ ಬೇಸರವಿದೆ. ಅದು ಯಾರ ತಂಟೆಗೂ ಹೋಗದೆ ಸ್ನಾನದ ನೀರು ಹಿಡಿದಿಟ್ಟುಕೊಂಡು ತನ್ನ ಪಾಡಿಗೆ ತಾನಿತ್ತು; ತಮ್ಮ ಸಂಬಂಧಿಕ ಎಂಬ ಒಂದೇ ಕಾರಣಕ್ಕೆ ಸೇವೆಯಿಂದ ವಜಾ ಆಯಿತು. ಬಟ್ಟೆ ಬದಲಿಸುವಾಗ ನೋಡಿಕೊಂಡರೆ ನನ್ನ ಹೊಟ್ಟೆ ಸಹಿ ಇದ್ದು ಮೊಹರು ಬೀಳದ ಕಾಗದದಂತಿದೆ, ಉದ್ದಕ್ಕೆ ಹೊಲಿಗೆ ಮಾತ್ರ ಕಾಣುತ್ತದೆ. ಇದನ್ನು ಹೇಳಿಕೊಂಡು ಪೇಚಾಡುತ್ತಿದ್ದಾಗ ಮೆಹರುನ್ನಿಸಾ ಹಾಸಿಗೆಯ ಪಕ್ಕ ತೂಗುತ್ತಿದ್ದ ಮೂತ್ರದ ಚೀಲವನ್ನು ನೆಟ್ಟಗೆ ಮಾಡುತ್ತ, ನಮ್ಮ ಮನೆಮಾತಿನಲ್ಲಿ, "ಜಾನ್ ಸಲಾಮತ್ ಹೈ ನಾ, ಔರ್ ಕ್ಯಾ ಹೋನಾ?" ಎಂದಳು. ಜೀವ ಉಳಿದಿದೆಯಲ್ಲ, ಇನ್ನೇನು ಬೇಕು ಎಂಬ ಆ ತೀರ್ಪನ್ನು ಕಡತಕ್ಕೆ ಸೇರಿಸಿಕೊಂಡೆ.

ಪಕ್ಕದ ಒಂದು ಗ್ರಂಥಿಯಲ್ಲೂ ಕ್ಯಾನ್ಸರಿನ ಸುಳಿವು ಸಿಕ್ಕಿತ್ತಾದ್ದರಿಂದ ಮಾರ್ಚ್‌ನಿಂದ ಹದಿನೈದು ದಿನಕ್ಕೊಮ್ಮೆ, ಹನ್ನೆರಡು ಸಲ ಕೀಮೋ ಎಂದಾಯಿತು. ತಮ್ಮಲ್ಲಿ ಹುಟ್ಟಿದ ಗಡ್ಡೆಯ ಗುಣ ಕರುಳಿನ ಗಡ್ಡೆಯಂಥದ್ದಾದ್ದರಿಂದ ಕರುಳಿನವರ ಔಷಧವನ್ನೇ ಕೊಡುತ್ತೇವೆಂದರು. ವ್ಯಾಪ್ತಿ ಯಾರದೆಂಬ ತಕರಾರು ಒಳಗೂ ಇದೆಯೆಂದು ಅಂದೇ ತಿಳಿಯಿತು. ಆ ಔಷಧದ ವಿಶೇಷವೆಂದರೆ, ಅದು ಒಳಹೋದ ಮೇಲೆ ತಣ್ಣನೆಯದನ್ನು ಮುಟ್ಟುವ ಹಾಗಿಲ್ಲ, ಕುಡಿಯುವ ಹಾಗಿಲ್ಲ, ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದಂತಾಗುತ್ತದೆ, ಅದರ ಜೋಮು ಇನ್ನೂ ಬಿಟ್ಟಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಜನರೆಲ್ಲ ಕೂಲರಿನ ಮುಂದೆ ಮಲಗಿ ಐಸ್ ನೀರು ಕುಡಿಯುತ್ತಿದ್ದಾಗ, ನಾನೊಬ್ಬ ಕಾಲುಚೀಲ ಹಾಕಿಕೊಂಡು, ಉಣ್ಣೆಯ ಕೈಗವಸು ಧರಿಸಿ ಫ್ರಿಜ್ಜಿನ ಬಾಗಿಲು ತೆರೆಯುತ್ತ, ಬಿಸಿನೀರು ಊದಿ ಊದಿ ಕುಡಿಯುತ್ತಿದ್ದೆ. ಒಂದು ವರ್ಷ ಇಲ್ಲದ ಉಷ್ಣದ ಬೆನ್ನುಹತ್ತಿದವನಿಗೆ ಮುಂದಿನ ವರ್ಷ ಇರುವ ಉಷ್ಣವನ್ನೆಲ್ಲ ಒಟ್ಟಿಗೆ ಮಂಜೂರು ಮಾಡಿದ ತಮ್ಮ ನ್ಯಾಯಬುದ್ಧಿಗೆ ತಲೆಬಾಗುತ್ತೇನೆ. ಬಾಯಿಗೆ ಅನ್ನ, ಬೇಳೆ, ಚಹಾ ಎಲ್ಲವೂ ಕಬ್ಬಿಣದ ರುಚಿ. ಮಲ್ಕಮ್ಮ ಬಸ್ ಕಂಡಕ್ಟರರ ಕೈಯಲ್ಲಿ ಕಳಿಸುತ್ತಿದ್ದ ಕೆಂಪು ಬಾಳೆಹಣ್ಣು ಒಂದೇ ತನ್ನ ರುಚಿ ಬಿಟ್ಟುಕೊಡಲಿಲ್ಲ.

ಆಗಸ್ಟಿನಲ್ಲಿ ಕೀಮೋ ಮುಗಿಯಿತು, ಕೆಂಪು ನಿಂತಿತು, ಲೋಳೆ ನಿಂತಿತು, ಆದರೆ ತಾವು ನಿಲ್ಲಲಿಲ್ಲ. ಅರ್ಧಕ್ಕಿಳಿದ ತಮಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದಿಡಲಾಗುತ್ತಿರಲಿಲ್ಲ. ನನ್ನ ಮನೆಯ ಬಾಗಿಲಿನಿಂದ ಬೇವಿನ ಮರದ ಕೆಳಗಿನ ಮೇಜಿಗೆ ಒಂದು ಗಂಟೆ ಹತ್ತು ನಿಮಿಷ. ಅಷ್ಟನ್ನು ದಾಟಲಾಗದಿದ್ದರೆ ನನ್ನ ಕೆಲಸ ಮುಗಿದಂತೆ, ಮತ್ತು ಆ ಮೇಜಿಲ್ಲದೆ ಮನೆಯಲ್ಲಿ ಕೂತರೆ ನಾನು ಬರೀ ಕಾಯಿಲೆಯವನು. ಮೂತ್ರಕೋಶ ಹಿಗ್ಗುತ್ತದೆ, ದಿನಾ ಸ್ವಲ್ಪ ಸ್ವಲ್ಪ ತಡೆದು ರೂಢಿಸಿ ಎಂದು ಸುಷ್ಮಿತಾ ಅವರು ಹೇಳಿದ್ದೇ ತಡ, ಮದಿಹಾ ನಮ್ಮ ಪಡಸಾಲೆಯಲ್ಲೇ ಕಮಲಾಪುರದ ಬಸ್ಸು ಹೊರಡಿಸಿದಳು.

ಪ್ಲಾಸ್ಟಿಕ್ ಖುರ್ಚಿಯೇ ಸೀಟು. ನಾನು ನೀರು ಕುಡಿದು ಕೂರಬೇಕು, ಅವಳು ಫೋನಿನಲ್ಲಿ ಗಂಟೆ ನೋಡಿ ನಿಲ್ದಾಣಗಳನ್ನು ಕೂಗಬೇಕು. ಮೊದಲ ವಾರ ನಾನು ಜಗತ್ ಸರ್ಕಲ್ಲಿನ ಸಿಗ್ನಲ್ಲಿನಲ್ಲೇ ಇಳಿದು ಓಡಿದೆ. ಮೂರನೇ ವಾರಕ್ಕೆ ಹುಮನಾಬಾದ್ ರಿಂಗ್ ರಸ್ತೆ ಮುಟ್ಟಿದೆ. ಮಹಾಗಾಂವ್ ಕ್ರಾಸಿನಲ್ಲಿ ಮಾತ್ರ ಮನೆಯಿಂದ ಹೊರಗೆ ಕಾಲಿಡದೆ ಮೂವತ್ತೊಂದು ಸಲ ಇಳಿದಿದ್ದೇನೆ. ಒಮ್ಮೆ ಕ್ರಾಸು ದಾಟಿಯೇ ಬಿಟ್ಟೆ ಎನ್ನುವಾಗ ಮೆಹರುನ್ನಿಸಾ ಮೆಂತ್ಯಸೊಪ್ಪು ಬಿಡಿಸುತ್ತ, ಡ್ರೈವರ್ ಚಹಾ ಕುಡಿಯಲು ಇಳಿದಿದ್ದಾನೆ, ಎಲ್ಲರೂ ಸ್ವಲ್ಪ ಕಾಯಬೇಕು ಎಂದು ಘೋಷಿಸಿದಳು. ನಾವು ಮೂವರೂ ನಕ್ಕೆವು, ಮತ್ತು ತಾವೂ ನಮ್ಮೊಡನೆ ನಕ್ಕಿರಿ. ಆ ದಿನ ಪಡಸಾಲೆ ಒರೆಸಬೇಕಾಯಿತು. ನವೆಂಬರಿನ ಕೊನೆಗೆ ಖುರ್ಚಿ ಕಮಲಾಪುರ ತಲುಪಿತು. ಅದೇ ವಾರ ಸ್ಕ್ಯಾನ್ ಕೂಡ ಆಯಿತು. ಸುಷ್ಮಿತಾ ಅವರು ಅದನ್ನು ಬೆಳಕಿಗೆ ಹಿಡಿದು, ಸದ್ಯಕ್ಕೆ ಎಲ್ಲವೂ ಸ್ವಚ್ಛವಾಗಿದೆ, ಮಾರ್ಚ್‌ನಲ್ಲಿ ಮತ್ತೆ ಬನ್ನಿ ಎಂದರು. ನಾನು ಅಲ್ಲಿಯೂ ಅತ್ತೆ, ಈ ಸಲ ಮೆಹರುನ್ನಿಸಾಳೂ ಬಹಿರಂಗವಾಗಿ ಅತ್ತಳು.

ಹೀಗೆ ನಿನ್ನೆ ಬೆಳಿಗ್ಗೆ, ಹನ್ನೊಂದು ತಿಂಗಳ ಮೇಲೆ, ನಿಜವಾದ ಬಸ್ಸು ಹತ್ತಿದೆ. ತಮ್ಮ ವರ್ತನೆ ಕ್ರಾಸಿನವರೆಗೆ ಅತ್ಯುತ್ತಮವಾಗಿತ್ತು. ಅಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ನಿಂತು ಹದಿನೆಂಟು ನಿಮಿಷ ಹೋಯಿತು. ಪಡಸಾಲೆಯ ಬಸ್ಸಿಗೆ ಮದಿಹಾ ಟ್ರ್ಯಾಕ್ಟರ್ ಅಡ್ಡ ಹಾಕಿರಲಿಲ್ಲ. ಕಮಲಾಪುರದಲ್ಲಿ ಇಳಿದಾಗ ನಾನು ಬೆವರಿ ಒದ್ದೆಯಾಗಿದ್ದೆ, ಮೊಣಕಾಲು ಒಂದಕ್ಕೊಂದು ಅಂಟಿಸಿಕೊಂಡು ಬೇವಿನ ಮರದವರೆಗೆ ನಡೆದೆ. ನನ್ನ ಮೇಜು ಅಲ್ಲೇ ಇತ್ತು, ಯಾರೋ ಒರೆಸಿಟ್ಟಿದ್ದರು. ಅದರ ಅಂಚು ಹಿಡಿದು ನಿಂತೆ. ಹೊಟ್ಟೆ ಕಲ್ಲಾಗಿತ್ತು. ಇದಕ್ಕಿಂತ ಸರಿಯಾದ ಬೇರೆ ಮಾತು ಕನ್ನಡದಲ್ಲಿ ಇಲ್ಲ, ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಮಲ್ಕಮ್ಮ ನನ್ನ ಮುಖ ನೋಡಿದಳು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದು, ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಕೀಲಿಕೈ ತೆಗೆದು, ನನ್ನನ್ನು ಅಂಗಡಿಸಾಲಿನ ಹಿಂದೆ ಕರೆದೊಯ್ದಳು. ಅಲ್ಲಿ ನೀಲಿ ಬಾಗಿಲಿನ ಎರಡು ಹೊಸ ಕೋಣೆಗಳಿದ್ದವು, ಒಂದು ಹೆಂಗಸರದು, ಒಂದು ಗಂಡಸರದು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಬೀಗ ತೆಗೆದಳು.

"ಮೊದಲ ಒಳಗ ಹೋಗಿ ಬರ್ರಿ ಸಾಬ್ರ, ಆಮ್ಯಾಲ ಮಾತಾಡೂಣು."

ಮಾನ್ಯರೇ, ಒಳಗೆ ನಿಂತಿದ್ದಷ್ಟು ಹೊತ್ತು ನಾನು ನನ್ನ ವೃತ್ತಿಜೀವನದ ಬಗ್ಗೆ ಬಹಳ ಅಭಿಮಾನದಿಂದ ಯೋಚಿಸಿದೆ ಎಂಬುದಕ್ಕೆ ತಾವೇ ಸಾಕ್ಷಿ. ಏಳು ವರ್ಷ ಮಲಗಿದ್ದ ನನ್ನ ಚೆಂದದ ಸಾಲು ಕೊನೆಗೂ ಎದ್ದು ಕೂತು ಕೆಲಸ ಮಾಡಿತಲ್ಲ ಎಂದು ಕಣ್ಣು ತುಂಬಿ ಬಂತು. ಹೊರಗೆ ಬಂದು, ನನ್ನ ಅರ್ಜಿ ಮಂಜೂರಾದದ್ದು ಯಾವಾಗ ಎಂದು ಕೇಳಿದೆ. ಮಲ್ಕಮ್ಮನಿಗೆ ಸ್ವಲ್ಪ ಸಂಕೋಚವಾಯಿತು. ನಾನು ಆಸ್ಪತ್ರೆ ಸೇರಿದ ಮೇಲೆ ಬರೆದುಕೊಡುವವರಿಲ್ಲದೆ, ಶಾಲೆಗೆ ಹೋಗುವ ಮೊಮ್ಮಗಳಿಂದ ನೋಟುಪುಸ್ತಕದ ಹಾಳೆಯಲ್ಲಿ ಬರೆಸಿದರಂತೆ. ಏನು ಬರೆಸಿದಿರಿ ಎಂದೆ.

"ನಾ ಅವತ್ತು ಹೇಳಿದ್ದೇ ರೀ. ಹೊಟ್ಟಿ ಕಲ್ಲ ಆಗ್ಯದ ಅಂತ."

ಎರಡೇ ಸಾಲು, ಕೆಳಗೆ ಒಂಬತ್ತು ಹೆಬ್ಬೆಟ್ಟು. ಹೊಸದಾಗಿ ಬಂದ ಸಾಹೇಬರು ಅದನ್ನು ಎರಡು ಸಲ ಓದಿ, ಎದ್ದು ಬಂದು ಬುಟ್ಟಿಗಳ ಸಾಲು ನೋಡಿದರಂತೆ. ಎರಡು ತಿಂಗಳಲ್ಲಿ ಗೋಡೆ ಎದ್ದಿತು. ನಾನು ಹೊಡೆದುಹಾಕಿದ ಸಾಲೇ ನಿನ್ನೆ ನನ್ನ ಮಾನ ಕಾಯ್ದಿತು. ನಾಚಿಕೆಯೂ ಆಯಿತು, ನಗುವೂ ಬಂತು. ಮೇಜಿಗೆ ಬಂದು ಕೂತು ಮಲ್ಕಮ್ಮ ಕೊಟ್ಟ ಬಾಳೆಹಣ್ಣು ತಿಂದೆ. ಆಮೇಲೆ ಬಂದ ಮೊದಲ ಗಿರಾಕಿಗೆ ವಿಷಯವೇನೆಂದು ಕೇಳಿ ಬರೆದುಕೊಂಡು, ಪೆನ್ನು ಕೆಳಗಿಟ್ಟು, ನಾನು ಕೇಳದ್ದು ಏನಾದರೂ ಉಳಿದಿದೆಯೇ ಎಂದು ಕೇಳಿದೆ. ಆತ ಮುಕ್ಕಾಲು ಗಂಟೆ ಮಾತಾಡಿದ. ಅರ್ಜಿ ನಾಲ್ಕು ಪುಟವಾಯಿತು.

ಆದ್ದರಿಂದ ಮಾನ್ಯರು ದಯಮಾಡಿ ಈ ಕೆಳಗಿನವನ ಮೇಲೆ ಕೃಪೆದೋರಿ, ಭಾನುವಾರ ಮತ್ತು ಸರ್ಕಾರಿ ರಜೆಗಳನ್ನು ಬಿಟ್ಟು ದಿನಾ ಒಂದು ಗಂಟೆ ಹತ್ತು ನಿಮಿಷ, ಟ್ರ್ಯಾಕ್ಟರ್ ಅಡ್ಡ ಬಂದ ದಿನ ಅರ್ಧ ಗಂಟೆ ಹೆಚ್ಚು ತಡೆದುಕೊಳ್ಳಬೇಕಾಗಿಯೂ, ನೆರೆಮನೆಯ ನಲ್ಲಿ ತೆರೆದ ಸದ್ದನ್ನು ತಮಗೆ ಬಂದ ಆದೇಶವೆಂದು ಭಾವಿಸಬಾರದಾಗಿಯೂ, ಸಾಧ್ಯವಾದರೆ ಮುಂದಿನ ಮುಂಗಾರಿನ ಹೊತ್ತಿಗೆ ಎರಡು ಬೆರಳಷ್ಟು ಮರಳಿ ಬೆಳೆಯಬೇಕಾಗಿಯೂ, ಇನ್ನು ಮುಂದೆ ಏನೇ ಹೇಳುವುದಿದ್ದರೂ ನಾನು ಕೇಳಲೆಂದು ಕಾಯದೆ ನೇರವಾಗಿ ಹೇಳಬೇಕಾಗಿಯೂ ಕೋರುತ್ತೇನೆ. ತಾವು ಹೇಳಿದರೆ ಈ ಸಲ ನಾನು ಸಬ್ಜಾ ಅಂಗಡಿಗೆ ಹೋಗುವುದಿಲ್ಲ, ಆಸ್ಪತ್ರೆಗೆ ಹೋಗುತ್ತೇನೆ.

ತಮ್ಮ ವಿಶ್ವಾಸಿ (ವಿಶ್ವಾಸವು ಸದ್ಯಕ್ಕೆ ಒಂದು ಗಂಟೆ ಹತ್ತು ನಿಮಿಷಕ್ಕೆ ಸೀಮಿತ),
ಮೈಬೂಬಸಾಬ

ಪ್ರತಿ: ಹೊಕ್ಕುಳಿನವರಿಗೆ, ಹಾಲಿ ವಾಸ ಪ್ರಯೋಗಾಲಯದ ಬಾಟಲಿ, ಗೌರವಪೂರ್ವಕ ಮಾಹಿತಿಗಾಗಿ.

ತಾ. ಕ.: ಮಾರ್ಚ್‌ನಲ್ಲಿ ಮತ್ತೆ ಸ್ಕ್ಯಾನ್ ಇರುವುದು ತಮಗೆ ತಿಳಿದೇ ಇದೆ. ಅಷ್ಟರೊಳಗೆ ಆ ಮುಚ್ಚಿದ ಕಡತವನ್ನು ಇನ್ನೊಮ್ಮೆ ತೆರೆದು ನೋಡುವ ಆಲೋಚನೆ ತಮ್ಮಲ್ಲಿ ಯಾರಿಗಾದರೂ ಇದ್ದರೆ ಎಚ್ಚರಿಕೆಯಿರಲಿ: ಮುಂದಿನ ಅರ್ಜಿಯನ್ನು ನಾನು ಬರೆಯುವುದಿಲ್ಲ, ಮಲ್ಕಮ್ಮನಿಂದ ಹೇಳಿಸಿ ಬರೆಸುತ್ತೇನೆ.